ಮಧ್ಯಾಹ್ನದ ಮಂಜು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಯಲುಸೀಮೆಯಿಂದ ಸಾಗರದ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದೆ. ನನ್ನ ಇಂಗ್ಲಿಷೆಲ್ಲ ಗೈಡುಗಳಿಂದ ಕಲಿತದ್ದು. ಗತ್ತಿಗೇನೂ ಕಡಿಮೆಯಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಬೆತ್ತ. ಗೊತ್ತಿಲ್ಲ ಎಂಬ ಮಾತು ಮಾತ್ರ ಸತ್ತರೂ ಬಾಯಿಂದ ಬರುತ್ತಿರಲಿಲ್ಲ.

ಒಂಬತ್ತನೇ ತರಗತಿಯ ಪಾಠವೊಂದರಲ್ಲಿ ಸುಡುಬೇಸಿಗೆಯ ಮಧ್ಯಾಹ್ನದ ವರ್ಣನೆಯಿತ್ತು. ಅಲ್ಲಿ ‘ಹೇಝಿ’ ಎಂಬ ಪದ ಬಂತು. ಗೈಡಿನಲ್ಲಿದ್ದಂತೆ ‘ಮಂಜು ಕವಿದ’ ಎಂದು ಬೋರ್ಡಿನ ಮೇಲೆ ಬರೆದೆ. ಎಲ್ಲರೂ ತೆಪ್ಪಗೆ ಬರೆದುಕೊಂಡರು. ಹೊಳೆಯಾಚೆಯ ತುಮರಿ ಕಡೆಯಿಂದ ಬಂದು ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸಾರ್, ಬೇಸಿಗೆ ಮಧ್ಯಾಹ್ನ ಮಂಜು ಎಲ್ಲಿಂದ ಬರ್ತದೆ? ನಮ್ಮಲ್ಲಿ ಗುಡ್ಡದ ಮೇಲಿನ ಹುಲ್ಲಿನ ಬ್ಯಾಣಕ್ಕೆ ಬೆಂಕಿ ಹಾಕಿದ್ರೆ ಹೊಗೆ ನಿಂತು, ಹೊಳೆ ಆಚೆ ದಡ ಮಬ್ಬಾಗಿ ಕಾಣ್ತದೆ. ಅದನ್ನ ಹೇಳಿದ್ದಾ ಅಂತ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆದರೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ತಲೆ ಕೆಟ್ಟಿತು.

“ಹಂಗಾದ್ರೆ ನೀನೇ ಬಂದು ಪಾಠ ಮಾಡು, ಬಾ” ಎಂದು ಸೀಮೆಸುಣ್ಣ ಚಾಚಿದೆ. ಅವಳು ತಲೆ ತಗ್ಗಿಸಿದಳು. ಗಂಟೆ ಹೊಡೆಯುವವರೆಗೂ ಹಾಗೇ ನಿಲ್ಲಿಸಿದೆ.

ಸಂಜೆ ಲೈಬ್ರರಿಗೆ ಹೋಗಿ ದೊಡ್ಡ ನಿಘಂಟು ತೆರೆದೆ. ಧೂಳು, ಹೊಗೆ, ಬಿಸಿಲ ಝಳದಿಂದ ದೂರದ್ದು ಮಸುಕಾಗಿ ಕಾಣುವುದು ಎಂದಿತ್ತು. ತೆಳುಮಂಜಿಗೂ ಆ ಪದ ಸಲ್ಲುತ್ತದಂತೆ. ಆದರೆ ನಮ್ಮ ಪಾಠದ ಮಟ್ಟಿಗೆ ಹುಡುಗಿ ಹೇಳಿದ್ದೇ ಸರಿ. ಯಾರಾದರೂ ನೋಡಿಯಾರೆಂದು ಪುಸ್ತಕವನ್ನು ಬೇಗ ಮುಚ್ಚಿದೆ. ನಾಳೆ ತಿದ್ದಿದರಾಯಿತು ಎಂದುಕೊಂಡೆ. ಮಾರನೆಯ ದಿನ ಮುಂದಿನ ಪಾಠ ಶುರು ಮಾಡಿಬಿಟ್ಟೆ. ಒಂದು ನಿಮಿಷದ ಮಾತು ಅದು. ಆಡಲಿಲ್ಲ. ಈಗ ನೆನೆದರೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆಮೇಲೆ ಅವಳು ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಬೇಕೆಂದೇ, “ಯಾರಿಗಾದ್ರೂ ಅನುಮಾನ ಇದೆಯಾ?” ಎಂದು ಅವಳತ್ತ ನೋಡುತ್ತಿದ್ದೆ. ಅವಳು ಪುಸ್ತಕ ನೋಡುತ್ತಿದ್ದಳು.

ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆದವರು ಬೇರೊಬ್ಬ ಮೇಷ್ಟ್ರು. ಪದಗಳ ಅರ್ಥ ಬರೆಯಿರಿ ಎಂಬಲ್ಲಿ ಅವರು ‘ಹೇಝಿ’ಯನ್ನೂ ಕೊಟ್ಟಿದ್ದರು. ತಿದ್ದುವ ಕೆಲಸ ನನ್ನದು. ಅವಳ ಉತ್ತರಪತ್ರಿಕೆ ಕೈಗೆ ಬಂದಾಗ, ಪುಣ್ಯಾತ್ಗಿತ್ತಿ ತನಗೆ ತೋಚಿದ್ದನ್ನೇ ಬರೆದಿರಲಿ ಎಂದು ಬೇಡಿಕೊಂಡೆ. ಹಾಗಿದ್ದರೆ ತರಗತಿಯಲ್ಲಿ ಓದಿ, ನನ್ನದೇ ತಪ್ಪು ಎಂದು ಒಪ್ಪಿಕೊಂಡುಬಿಡುತ್ತೇನೆ ಎಂದು ನಿಶ್ಚಯಿಸಿದ್ದೆ.

ಅವಳು ಮೊದಲು ‘ಹೊಗೆ ಕವಿದ’ ಎಂದು ಬರೆದಿದ್ದಳು. ಆಮೇಲೆ ಅಡಿಪಟ್ಟಿ ಇಟ್ಟು ಅದನ್ನು ನೀಟಾಗಿ ಹೊಡೆದುಹಾಕಿ, ಪಕ್ಕದಲ್ಲಿ ‘ಮಂಜು ಕವಿದ’ ಎಂದು ಬರೆದಿದ್ದಳು.

ನಾನು ಕೆಂಪು ಶಾಯಿಯಲ್ಲಿ ಸರಿ ಎಂದು ಗುರುತು ಹಾಕಿದೆ.