ಮೂಲೆ ಸೈಟಿನ ಬಾವಿ, ಮತ್ತು ಅದನ್ನು ತುಂಬಿದ ಮೇಸ್ತ್ರಿ

ಮನೆ ನೆಟ್ಟಗೆ ನಿಂತರೆ ಕಟ್ಟಿಸಿದವನಿಗೆ ಹೆಸರು, ಬಿರುಕು ಬಿಟ್ಟರೆ ಕಟ್ಟಿದವನಿಗೆ ಬೈಗುಳ. ಗೊತ್ತಿಲ್ಲ ಎನ್ನಬೇಡಿ. ಹೊಸ ಮನೆ ನೋಡಲು ಹೋದಾಗ ಯಾರ ಕೈ ಕುಲುಕಿ ಬಂದಿರಿ, ನೆನಪಿಸಿಕೊಳ್ಳಿ.

ನಮ್ಮ ಬಡಾವಣೆಯ ಕೊನೆಯ ಅಡ್ಡರಸ್ತೆಯಲ್ಲಿ ಒಂದು ಮೂಲೆ ಸೈಟಿದೆ. ಅಲ್ಲಿ ಇದುವರೆಗೆ ಮೂರು ಮನೆ ಎದ್ದಿವೆ, ಎರಡು ನೆಲಸಮವಾಗಿವೆ. ಮೂರಕ್ಕೂ ದಾರ ಹಿಡಿದು ಗುರುತು ಹಾಕಿದವನು ಒಬ್ಬನೇ ಮೇಸ್ತ್ರಿ. ಮೊದಲ ಮನೆಯ ಕಾಲಕ್ಕೆ ಅವನ ಮೀಸೆ ಆಗಷ್ಟೇ ಚಿಗುರುತ್ತಿತ್ತು. ಈಗ ಅದಕ್ಕೆ ಸುಣ್ಣದ ಬಣ್ಣ.

ಮೊದಲ ಮಾಲೀಕರು ಶಾಲೆ ಮೇಷ್ಟ್ರು. ಎರಡು ಕೋಣೆ, ಮೇಲೆ ಹೆಂಚು, ಹಿತ್ತಲಲ್ಲಿ ಬಾವಿ. ಅವರಿಂದ ಕೊಂಡ ಲಾರಿ ಮಾಲೀಕ, “ಇದೇನ್ ಮನೆನೋ, ಕೋಳಿಗೂಡೋ?” ಎಂದು ಕೆಡವಿಸಿದ. ಒಡೆದ ಇಟ್ಟಿಗೆ, ಹೆಂಚು ಎಲ್ಲವನ್ನೂ ಬಾವಿಗೆ ಸುರಿಸಿ, ಮೇಲೆ ಮಣ್ಣು ಹೊದಿಸಿ ಗುಲಾಬಿ ನೆಡಿಸಿದ. ಸುರಿದವನು ಇದೇ ಮೇಸ್ತ್ರಿ. ಅವನು ಕಟ್ಟಿಸಿದ ಎರಡಂತಸ್ತಿನ ಮನೆ ಸೈಟಿನ ಮುಂಭಾಗದಲ್ಲೇ ನಿಂತಿತು, ಬಾವಿಯ ಗೊಡವೆಗೆ ಹೋಗಲಿಲ್ಲ.

ಮೂರನೆಯವರು ಹಲ್ಲಿನ ಡಾಕ್ಟರು. ಸೈಟಿನಲ್ಲಿ ಒಂದಡಿ ಖಾಲಿ ಇದ್ದರೂ ಅವರಿಗೆ ಹಲ್ಲು ಉದುರಿದ ಬಾಯಿಯಂತೆ ಕಾಣುತ್ತಿತ್ತು. ಇದ್ದ ಮನೆ ಕೆಡವಿ, ಗಡಿಯಿಂದ ಗಡಿಗೆ ನಾಲ್ಕಂತಸ್ತು ಎಂದು ತೀರ್ಮಾನಿಸಿದರು. ಮಣ್ಣು ಪರೀಕ್ಷೆಗೆ ಇಂಜಿನಿಯರು ಕೊರೆಸಿದ್ದು ಗೇಟಿನ ಪಕ್ಕ. ಹಿತ್ತಲಲ್ಲಿ ಜಲ್ಲಿ ಸುರಿದಿದ್ದರು, ಯಂತ್ರ ಅಲ್ಲಿಗೆ ಹೋಗುವುದಿಲ್ಲವಂತೆ. ನೆಲ ಗಟ್ಟಿ ಎಂದು ವರದಿ ಬಂತು. ಗೇಟಿನ ನೆಲ ಗಟ್ಟಿಯೇ ಇತ್ತು, ಅದೇನೂ ಸುಳ್ಳಲ್ಲ.

ಹಿಂದಿನ ಮೂಲೆಗೆ ಗುರುತು ಹಾಕುವಾಗ ಮೇಸ್ತ್ರಿ ದಾರ ಬಿಟ್ಟು ಎದ್ದು ನಿಂತ.

“ಸಾರ್, ಇಲ್ಲಿ ಪಿಲ್ಲರ್ ಬೇಡ. ಕೆಳಗೆ ಬಾವಿ ಇದೆ, ನಾನೇ ತುಂಬಿದ್ದು.”

“ನಕ್ಷೇಲಿ ಎಲ್ಲಿದೆ ಬಾವಿ, ತೋರ್ಸು,” ಎಂದರು ಇಂಜಿನಿಯರು.

“ನಕ್ಷೇಲಿ ಇಲ್ಲ ಸಾರ್, ನೆಲದಲ್ಲಿದೆ.”

ಡಾಕ್ಟರು ನಕ್ಕರು. “ನಾನು ಹಲ್ಲು ಕೀಳೋ ಮುಂಚೆ ಎಕ್ಸ್‌ರೇ ನೋಡ್ತೀನಪ್ಪ, ದಾರೀಲಿ ಹೋಗೋರ ಮಾತು ಕೇಳಲ್ಲ.”

“ನೀವು ನೋಡ್ತಿರೋ ಎಕ್ಸ್‌ರೇ ಬೇರೆ ಹಲ್ಲಿಂದು ಸ್ವಾಮಿ. ಆ ಪಿಲ್ಲರ್ ನಾನು ಹಾಕಲ್ಲ.”

ಅಷ್ಟಕ್ಕೇ ಕೆಲಸ ಹೋಯಿತು. ಮನೆಯಲ್ಲಿ ಹೆಂಡತಿ ಹರಿಹಾಯ್ದಳು: “ಬಾವಿ ಮುಚ್ಚಿದ ದಿನಾನೇ ಈ ಬಾಯಿಗೂ ಒಂದು ಚಪ್ಪಡಿ ಎಳೀಬೇಕಿತ್ತು.”

“ನಾನು ಹಾಕಿ ಅದು ಕುಸಿದ್ರೆ ಯಾರನ್ನ ಬೈತಾರೆ ಹೇಳು?”

“ನಿಮ್ಮನ್ನೇ. ಹಾಕಿದ್ರೂ ನಿಮ್ಮನ್ನೇ, ಬಿಟ್ರೂ ನಿಮ್ಮನ್ನೇ.”

ಅವಳಿಗಿದ್ದ ಬುದ್ಧಿ ವರದಿ ಬರೆದವರಿಗೆ ಇರಲಿಲ್ಲ. ಬೇರೆಯವರು ಬಂದು ಪಿಲ್ಲರ್ ಎಬ್ಬಿಸಿದರು. ಎರಡನೇ ವರ್ಷ ಅದು ಕುಸಿಯಿತು. ಅಡುಗೆಮನೆ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು. ಹಿಂಬಾಗಿಲು ಹಾಕಿದರೆ ತೆಗೆಯಲಾಗದು, ತೆಗೆದರೆ ಹಾಕಲಾಗದು. ಆಗ ಡಾಕ್ಟರು ಬೀದಿಗೆಲ್ಲ ಹೇಳಿದರು: “ಆ ಮುದುಕ ಬಾವೀನ ಸರಿಯಾಗಿ ತುಂಬಿರ್ಲಿಲ್ಲ ಕಣ್ರೀ!” ಇಲ್ಲದ ಬಾವಿ ರಾತ್ರೋರಾತ್ರಿ ನಕ್ಷೆಗೂ ಬಂತು, ಪಕ್ಕದಲ್ಲೇ ‘ಹಿಂದಿನ ಕೆಲಸಗಾರನ ಲೋಪ’ ಎಂಬ ಟಿಪ್ಪಣಿಯೂ ಬಂತು.

ಇದಾಗಿ ಎಂಟು ತಿಂಗಳಾಯಿತು. ಅರ್ಧ ಬಡಾವಣೆ ಕಟ್ಟಿದವನಿಗೆ ಇಲ್ಲಿ ಒಂದು ಕಾಂಪೌಂಡ್ ಗೋಡೆಯ ಕೆಲಸವೂ ಇಲ್ಲ. ದಿನಾ ಬೆಳಗ್ಗೆ ಮುಖ್ಯರಸ್ತೆಯ ತಿರುವಿನಲ್ಲಿ ಮಣ್ಣು ಹೊರುವವರ ಸಾಲಿನಲ್ಲಿ ನಿಲ್ಲುತ್ತಾನೆ.

‘ಅವನನ್ನ ಕರೀಬೇಡಿ, ಬಾವಿ ಕೆಲಸ ಕೆಡಿಸಿದ್ದು ಅವನೇ’ ಎಂದು ನೀವೂ ಹೇಳಿದ್ದೀರಿ. ಗೇಟಿನ ಬಳಿ ನಿಂತು, ಟೀ ಕುಡಿಯುತ್ತಾ, ಏನೂ ವಿಚಾರಿಸದೆ. ನಾಳೆ ಆ ತಿರುವಿಗೆ ಹೋಗಿ. ಅವನ ಮುಖ ನೋಡಿ, ಸಾಲಿನಲ್ಲಿರುವ ಎಲ್ಲರಿಗೂ ಕೇಳುವಂತೆ, ‘ನಾವು ಹೇಳಿದ್ದು ಸುಳ್ಳು’ ಎಂದು ಹೇಳಿ. ಹೇಳಿ ಕೈಬೀಸಿಕೊಂಡು ವಾಪಸ್ ಬರಬೇಡಿ. ನಿಮ್ಮ ಗೋಡೆ ಕಟ್ಟಲು ಅವನನ್ನು ಕರೆದುಕೊಂಡು ಬನ್ನಿ.