ಹೂವಿನಮ್ಮನ ಬೋಣಿ

ರಸೆಲ್ ಮಾರುಕಟ್ಟೆಯ ಬಾಗಿಲಲ್ಲಿ ಕೂರುತ್ತಿದ್ದ ಹೂವಿನಮ್ಮ, ಮಳೆ ಬಂದು ಮಲ್ಲಿಗೆಯೆಲ್ಲ ಉಳಿದುಹೋದರೂ ಒಂದೇ ಮಾತು ಹೇಳುತ್ತಿದ್ದರು: "ಬಾಡಿದ್ದು ಹೂವು ಕಣಮ್ಮಾ, ನಾನಲ್ಲ." ಹಾಗೆನ್ನುವಾಗಲೂ ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಅಳೆಯುವ ಕೈ ನಿಲ್ಲುತ್ತಿರಲಿಲ್ಲ.

ಗಂಡ ತೀರಿಕೊಂಡ ತಿಂಗಳಿಗೇ ಅದೇ ಜಾಗಕ್ಕೆ ಮರಳಿದರು. ಅಂದು ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಮದುವೆಗೆ ಹೂವು ಕೊಳ್ಳಲು ಹೋಗಿದ್ದೆವು. ಅವರ ಬರಿಹಣೆ ಕಂಡದ್ದೇ ಚಿಕ್ಕಮ್ಮ ನನ್ನ ಕೈ ಎಳೆದರು. ಮದುವೆಯ ಹೂವು ವಿಧವೆಯ ಕೈಯಿಂದ ಬೇಡವೆಂದು ನೇರವಾಗಿ ಹೇಳಲಾರದೆ, "ಇನ್ನೂ ಬೋಣಿ ಆಗಿಲ್ವಲ್ಲಾ, ಮೊದಲ ವ್ಯಾಪಾರ ಬೇರೆ ಯಾರಾದ್ರೂ ಮಾಡ್ಲಿ, ಆಮೇಲೆ ಬರ್ತೀವಿ" ಎಂದರು.

ಹೂವಿನಮ್ಮ ಒಂದು ಮೊಳ ಮಲ್ಲಿಗೆ ಕತ್ತರಿಸಿ ತಾವೇ ಮುಡಿದುಕೊಂಡರು. ಸೆರಗಿನ ಗಂಟು ಬಿಚ್ಚಿ, ಆ ಮೊಳದ ದುಡ್ಡನ್ನು ತಮ್ಮದೇ ಡಬ್ಬಿಗೆ ಹಾಕಿದರು.

"ಬೋಣಿ ಆಯ್ತಮ್ಮಾ. ಈಗ ನಿಮಗೆಷ್ಟು ಮೊಳ ಕೊಡ್ಲಿ?"