ಹಗ್ಗದ ಪಕ್ಕ ಹತ್ತಿದ ಮೀನುಗಳು

ಮೊನ್ನೆ ಬಣಕಲ್ಲಿನ ಅಂಗಡಿಯಲ್ಲಿ ಯಾರಿಗೋ ತೆಂಗಿನ ನಾರಿನ ಹಗ್ಗ ಅಳೆದು ಕೊಡುತ್ತಿದ್ದರು. ಮಳೆಯ ತೇವಕ್ಕೆ ಮುಗ್ಗಲು ಹಿಡಿದ ಆ ನಾರಿನ ವಾಸನೆ ಮೂಗಿಗೆ ಬಡಿದದ್ದೇ, ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ನೆನಪಾದದ್ದು ನಮ್ಮ ಪಕ್ಕದ ಮನೆಯ ಗ್ಯಾಂಗ್‌ಮನ್...

ರಸ್ತೆ ಕೆಲಸದಿಂದ ರಿಟೈರಾಗಿದ್ದರೂ ಊರಿಗೆಲ್ಲ ಅವರು ಗ್ಯಾಂಗ್‌ಮನ್ನೇ. ನಾನಾಗ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ರಸ್ತೆ ಅಗಲ ಮಾಡುವಾಗ ನಮ್ಮ ಹಳ್ಳದ ಹಳೆಯ ಕಲ್ಲುಮೋರಿ ಕಿತ್ತು ಸಿಮೆಂಟ್ ಪೈಪು ಕೂರಿಸಿದರು. ಪೈಪಿನ ಬಾಯಿ ನೀರಿನಿಂದ ಮೊಣಕಾಲೆತ್ತರ ಮೇಲೆ. ಮೊದಲ ಮಳೆಗೆ ಮೊಟ್ಟೆಯಿಡಲು ಮೇಲಿನ ಗದ್ದೆಗಳಿಗೆ ನೀರಿಗೆದುರಾಗಿ ಹತ್ತಿ ಹೊರಟ ಹತ್ತುಮೀನುಗಳು ಆ ವರ್ಷ ಹಾರಿ ಹಾರಿ ಸಿಮೆಂಟಿಗೆ ಬಡಿದು ಸತ್ತವು. ಬೆರಳುದ್ದದ ಮೀನುಗಳು, ಪಾಪ, ಎಷ್ಟೆಂದು ಹಾರಿಯಾವು.

ನಾವೆಲ್ಲ ನೋಡಿ, ಅಯ್ಯೋ ಪಾಪ ಅಂದು ಮನೆಗೆ ಹೋದೆವು. ಅವರೊಬ್ಬರು ಸುಮ್ಮನಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಒಬ್ಬರೇ ಕಲ್ಲು ಹೊತ್ತು ಪೈಪಿನ ಕೆಳಗೆ ಮೆಟ್ಟಿಲು ಕಟ್ಟಿದರು. ಪೈಪಿನೊಳಗೆ ಉದ್ದಕ್ಕೂ ದಪ್ಪ ನಾರಿನ ಹಗ್ಗ ಬಿಟ್ಟು ಮೇಲ್ಗಡೆ ಗೂಟಕ್ಕೆ ಬಿಗಿದರು. ಹಗ್ಗದ ಪಕ್ಕ ನೀರಿನ ಸೆಳೆತ ಕಡಿಮೆ, ಅದನ್ನೇ ಒರಗಿಕೊಂಡು ಹತ್ತುತ್ತವೆ ಎಂದರು. ನಾನು ನಕ್ಕಿದ್ದೆ. ಮಳೆ ಹಿಡಿದ ಮೇಲೆ ನೋಡಿದರೆ... ಹತ್ತಿದವು! ಆ ಮುದುಕರ ಮುಖ ನೋಡಬೇಕಿತ್ತು.

ಅದೇ ವಾರ ಕಳಸದಿಂದ ನನ್ನ ಭಾವ ಬಂದರು. ನೆಂಟರಿಗೆ ಮೀನುಸಾರು ಆಗಬೇಕಲ್ಲ. ಹಳ್ಳವಿಡೀ ಹುಡುಕುವ ಕೆಲಸವೇ ಇರಲಿಲ್ಲ, ಮೀನೆಲ್ಲ ಹಗ್ಗದ ಪಕ್ಕವೇ ಸಾಲಾಗಿ ಬರುತ್ತಿದ್ದವು. ಪೈಪಿನ ಮೇಲ್ಬಾಯಿಗೆ ಮೀನು ಹಿಡಿಯುವ ಬಿದಿರಿನ ಕೂಣಿ ಒಡ್ಡಿದೆ. ಒಂದು ಮಧ್ಯಾಹ್ನಕ್ಕೆ ಬಕೆಟ್ ತುಂಬಿತು. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಒಳ್ಳೆಯ ಸಾರು ಮಾಡಿದರೆ ಪಕ್ಕದ ಮನೆಗೆ ಕೊಡುವುದು ನಮ್ಮಲ್ಲಿ ರೂಢಿ. ನನ್ನ ಹೆಂಡತಿ ಅವರಿಗೂ ಒಂದು ಪಾತ್ರೆ ಕಳಿಸಿದಳು.

ಸಂಜೆ ಅವರೇ ಬಂದರು. ಖಾಲಿ ಪಾತ್ರೆ ಮರಳಿಸುವ ಮನುಷ್ಯರಲ್ಲ, ನಾಲ್ಕು ನಿಂಬೆಹಣ್ಣಾದರೂ ಹಾಕಿ ತರುತ್ತಿದ್ದರು. ಆವತ್ತು ನಮ್ಮ ಸಾರೇ ಕೊಟ್ಟ ಹಾಗೇ ಇತ್ತು. ಮೇಲೆ ಹಳದಿ ತತ್ತಿ ತೇಲುತ್ತಿತ್ತು.

"ಎಲ್ಲಾ ಬಸ್ರಿ ಮೀನು, ರೈಟ್ರೇ," ಅಂದರು. "ನಾನು ಹತ್ಸಿದ್ದು ನಿಮ್ಮ ಕೂಣಿಗಾ?"

ಒಂದು ಸಲಕ್ಕೆ ಏನಾಗುತ್ತೆ ಎಂದು ತೊದಲಿದೆ. ಅಷ್ಟರಲ್ಲಿ ಪೈಪಿನ ಬಾಯಲ್ಲಿ ಮೀನು ಸಿಗುವ ಸುದ್ದಿ ಊರೆಲ್ಲ ಹಬ್ಬಿತ್ತು. ಮರುದಿನ ಅಲ್ಲಿ ಒಂದರ ಪಕ್ಕ ಒಂದು ಕೂಣಿ. ಅವರು ಯಾರನ್ನೂ ಬೈಯಲಿಲ್ಲ. ಕತ್ತಿ ತಂದು ಹಗ್ಗ ಕಡಿದರು, ತಾವೇ ಕಟ್ಟಿದ ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಉರುಳಿಸಿದರು. ನಾನು ರಸ್ತೆಯ ಮೇಲೆ ನಿಂತು ನೋಡಿದೆ. ಇಳಿದು ಹೋಗಿ ಅವರ ಕೈ ಹಿಡಿಯಲಿಲ್ಲ...

ಆಮೇಲೆ ಅವರು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಎರಡು ಮಳೆಗಾಲ ಕಳೆದು ತೀರಿಕೊಂಡರು. ತಪ್ಪಾಯ್ತು ಎಂಬ ಒಂದು ಮಾತು ಹೇಳಲು ನನಗೆ ಎರಡು ವರ್ಷ ಸಾಲಲಿಲ್ಲ.

ಈಗಲೂ ಮೊದಲ ಮಳೆ ಬಿದ್ದರೆ ಹೋಗಿ ಮೋರಿಯ ಹತ್ತಿರ ನಿಲ್ಲುತ್ತೇನೆ. ಒಂದು ಮೀನೂ ಹಾರುವುದಿಲ್ಲ. ಅಲ್ಲಿ ನಿಂತವರು ಮೀನಿನ ಸಂತತಿಯೇ ಹೋಯಿತೆಂದು ಪೈಪು ಹಾಕಿದ ಕಂಟ್ರಾಕ್ಟರನ್ನು ಬೈಯುತ್ತಾರೆ. ನಾನೂ ಅವರ ಜೊತೆ ಸೇರಿ ಬೈಯುತ್ತೇನೆ.